ನಿಮ್ಮ ಕಾರ್ಡು ಯಾರ ಕೈಯಲ್ಲಿದೆ?





ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಕಾಲಕ್ಕೆ ವಿದೇಶ ಎಂದರೆ ಗಲ್ಫ್ ಎಂದೇ ಅರ್ಥ. ದಮ್ಮಾಮ್‌ನಲ್ಲೋ ಅಲ್ ಖೋಬರ್‌ನಲ್ಲೋ ಸಂಸಾರ ಹೂಡಿದವರಿಗೆ ರಜಾದಿನ ಬಹ್ರೈನ್‌ಗೆ ಹೋಗಿ ಬರುವುದೊಂದು ಸಂಭ್ರಮ. 1986ರಲ್ಲಿ ತೆರೆದ ಕಿಂಗ್ ಫಹದ್ ಸೇತುವೆಯ ಮೇಲೆ ಸುಮಾರು 25 ಕಿಲೋಮೀಟರ್ ಸಾಗಿದರೆ ಇನ್ನೊಂದು ದೇಶ. ಗಡಿಯ ಕಿಟಕಿಯ ಬಳಿ ಕಾರು ನಿಂತಾಗ ಮನೆಯವರೆಲ್ಲರ ಪಾಸ್‌ಪೋರ್ಟುಗಳನ್ನು ಒಟ್ಟಾಗಿ ಚಾಚುವುದು ಗಂಡನ ಕೈ. ಹೋಗಿ ಮರಳುವ ಅನುಮತಿಯನ್ನು ಮೊದಲೇ ಮಾಡಿಸಿಟ್ಟವನೂ ಅವನೇ. ಹೆಂಡತಿ ಮಕ್ಕಳ ಇಕಾಮಾ ಅವನ ಇಕಾಮಾಕ್ಕೆ ಅಂಟಿಕೊಂಡಿರುವುದರಿಂದ ಅಲ್ಲಿ ಅದು ಸಹಜ. ಹೆಂಡತಿಯಾದವಳು ಹಿಂದಿನ ಸೀಟಿನಲ್ಲಿ ಮಗುವಿಗೆ ಬಿಸ್ಕತ್ತು ಕೊಡುತ್ತಾ ಕುಳಿತಿದ್ದರೆ ಸಾಕು.

ಈಗ ನಮ್ಮ ಹೆಣ್ಣುಮಕ್ಕಳು ಮದುವೆಯಾಗಿ ಅಮೆರಿಕಕ್ಕೂ ಹೋಗುತ್ತಿದ್ದಾರೆ. ಊರು ಬದಲಾಯಿತು, ಕಾನೂನು ಬದಲಾಯಿತು. ಆದರೆ ಗಲ್ಫಿನ ಆ ಅಭ್ಯಾಸ ಮಾತ್ರ ಸೂಟ್‌ಕೇಸಿನ ಜೊತೆಗೇ ಹಡಗು ಹತ್ತಿದಂತಿದೆ. “ನನ್ನ ಗ್ರೀನ್ ಕಾರ್ಡಾ? ಅದು ಅವರ ಬಳಿ ಇರಬೇಕು” ಎನ್ನುವ ತರುಣಿಯರು ಇಂದಿಗೂ ಎಷ್ಟೋ ಮಂದಿ. ಪದವಿ ಪಡೆದವರೂ ಇದಕ್ಕೆ ಹೊರತಲ್ಲ. ಮನೆಯಲ್ಲೇ ಇರುವಾಗ ಈ ಮಾತಿನಿಂದ ಏನೂ ಆಗದಿರಬಹುದು. ಟೊರೊಂಟೊದಲ್ಲಿ ಸೋದರಮಾವನ ಮಗಳ ನಿಕಾಹ್ ಎಂದು ಕರೆ ಬಂದಾಗ, ಕಾರು ಗಡಿಯ ಕಡೆಗೆ ಹೊರಟಾಗ ಅದರ ಬೆಲೆ ತಿಳಿಯುತ್ತದೆ.

ಅಮೆರಿಕ ಮತ್ತು ಕೆನಡಾ ನಡುವಿನ ಗಡಿ ಅಲಾಸ್ಕಾ ಭಾಗವೂ ಸೇರಿ 8,891 ಕಿಲೋಮೀಟರ್ ಉದ್ದ. ಎರಡು ದೇಶಗಳ ನಡುವೆ ಇಷ್ಟು ಉದ್ದದ ಗಡಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಯಾಗರದ ರೇನ್‌ಬೋ ಸೇತುವೆಯನ್ನು ನಡೆದುಕೊಂಡೇ ದಾಟಬಹುದು. ಡೆಟ್ರಾಯಿಟ್‌ನಿಂದ ನದಿಯ ಕೆಳಗಿನ ಸುರಂಗದೊಳಗೆ ಹೊಕ್ಕರೆ ಕೆಲವೇ ನಿಮಿಷಗಳಲ್ಲಿ ಕೆನಡಾದ ವಿಂಡ್ಸರ್. ಇಷ್ಟು ಸುಲಭವಾಗಿರುವುದರಿಂದಲೇ ಜನ ಮೈಮರೆಯುತ್ತಾರೆ. ಪಕ್ಕದ ತಾಲೂಕಿಗೆ ಹೋದಂತೆ ಹೊರಡುತ್ತಾರೆ.

ಒಂದು ಕಾರನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಂಡ ಅಮೆರಿಕದ ಪೌರತ್ವ ಪಡೆದವನು. ಹೆಂಡತಿಯದು ಭಾರತದ ಪಾಸ್‌ಪೋರ್ಟು, ಕೈಯಲ್ಲಿ ಗ್ರೀನ್ ಕಾರ್ಡು. ಮಗು ಅಲ್ಲೇ ಹುಟ್ಟಿದ್ದು, ಆದ್ದರಿಂದ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಬಾಣಂತನಕ್ಕೆಂದು ಉಡುಪಿಯಿಂದ ಬಂದ ತಾಯಿ ಪ್ರವಾಸಿ ವೀಸಾದಲ್ಲಿದ್ದಾರೆ. ನಾಲ್ವರೂ ಒಂದೇ ಪಾತ್ರೆಯಲ್ಲಿ ಉಂಡು ಒಂದೇ ಕಾರಿನಲ್ಲಿ ಕುಳಿತವರು. ಆದರೆ ಗಡಿಯ ಅಧಿಕಾರಿಯ ಕಣ್ಣಿಗೆ ಅವರು ಒಂದು ಕುಟುಂಬವಲ್ಲ, ನಾಲ್ಕು ಬೇರೆ ಬೇರೆ ಪ್ರಕರಣಗಳು. ಗಂಡನ ನೀಲಿ ಪಾಸ್‌ಪೋರ್ಟು ಹೆಂಡತಿಗೆ ಕೊಡೆ ಹಿಡಿಯುವುದಿಲ್ಲ. ಮಗಳ ಕಾರ್ಡಿನಿಂದ ತಾಯಿಗೆ ಪ್ರಯೋಜನವಿಲ್ಲ. ತಾಯಿಗೆ ಕೆನಡಾದ ವೀಸಾವನ್ನು ಪ್ರತ್ಯೇಕವಾಗಿ ಪಡೆದಿರಲೇಬೇಕು. ಅಮೆರಿಕದ ವೀಸಾ ತೋರಿಸಿದರೆ ಕೆನಡಾ ಒಳಗೆ ಬಿಡುತ್ತದೆ ಎಂಬುದು ಬರೀ ಕಲ್ಪನೆ. ಕೆನಡಾಕ್ಕೆ ಎರಡು ದಿನ ಹೋಗಿ ಬಂದರೆ ಅಮೆರಿಕದಲ್ಲಿ ಮತ್ತೆ ಹೊಸದಾಗಿ ಆರು ತಿಂಗಳು ಸಿಗುತ್ತದೆಂಬ ಲೆಕ್ಕವನ್ನೂ ನೆಚ್ಚಬೇಡಿ. ಹಳೆಯ ಅವಧಿಯೇ ಮುಂದುವರಿಯಬಹುದು.

ಇನ್ನು ಹೆಂಡತಿಯ ವಿಷಯ. ಖಾಯಂ ನಿವಾಸಿಯಾದ ಆಕೆಗೆ ಕೆನಡಾದ ವೀಸಾ ಬೇಡ. ವಿಮಾನದಲ್ಲಿ ಹೋಗುವ ಅನೇಕ ವಿದೇಶಿಯರಿಗೆ ಬೇಕಾಗುವ ಇಲೆಕ್ಟ್ರಾನಿಕ್ ಅನುಮತಿಯೂ ಬೇಡ. ಆದರೆ ಎರಡು ವಸ್ತುಗಳು ಬೇಕೇ ಬೇಕು: ಅವಧಿ ಮುಗಿಯದ ಗ್ರೀನ್ ಕಾರ್ಡು ಮತ್ತು ಅವಧಿ ಮುಗಿಯದ ಭಾರತೀಯ ಪಾಸ್‌ಪೋರ್ಟು. ಹಿಂದೆ ರಸ್ತೆಯ ದಾರಿಯಲ್ಲಿ ಹೋಗುವವರಿಗೆ ಕಾರ್ಡೊಂದೇ ಸಾಕಾಗುತ್ತಿತ್ತು. 2022ರ ಏಪ್ರಿಲ್ 26ರಿಂದ ಕೆನಡಾ ಆ ಸಡಿಲಿಕೆಯನ್ನು ನಿಲ್ಲಿಸಿದೆ. ಕಾರಾಗಲಿ, ಬಸ್ಸಾಗಲಿ, ವಿಮಾನವಾಗಲಿ, ಎರಡೂ ಬೇಕು. “ನಾವು ಮೊದಲು ಹೀಗೇ ಹೋಗಿದ್ದೆವಲ್ಲ” ಎಂದು ಹಳೆಯ ಅನುಭವಿಗಳು ಕೊಡುವ ಸಲಹೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮವರು ಎಡವುವುದು ಸಾಮಾನ್ಯವಾಗಿ ಪಾಸ್‌ಪೋರ್ಟಿನಲ್ಲಿ. ಹತ್ತು ವರ್ಷದ ಗ್ರೀನ್ ಕಾರ್ಡು ಬಂದ ಮೇಲೆ ಭಾರತದ ಪಾಸ್‌ಪೋರ್ಟು ಕಪಾಟಿನ ತಳ ಸೇರುತ್ತದೆ. ಊರಿಗೆ ಹೋಗುವ ಕಾಲ ಬಂದಾಗಲೇ ಅದರ ನೆನಪು. ಮದುವೆಯ ಆಮಂತ್ರಣ ಕೈಗೆ ಬಂದ ದಿನವೇ ಅದನ್ನು ತೆಗೆದು ಕೊನೆಯ ದಿನಾಂಕ ನೋಡಿರಿ. ಹೊಸ ಸೀರೆಯ ಆಯ್ಕೆ ಮರುದಿನವಾದರೂ ನಡೆಯುತ್ತದೆ.

ಎಚ್-4 ವೀಸಾದಲ್ಲಿರುವ ಸಹೋದರಿಯರ ಸ್ಥಿತಿ ಬೇರೆ. ಅವರು ಖಾಯಂ ನಿವಾಸಿಗಳಲ್ಲ, ಅವರಿಗೆ ಕೆನಡಾದ ವೀಸಾ ಬೇಕು. ಭಾರತದಲ್ಲಿ ಹುಟ್ಟಿದವರಿಗೆ ಉದ್ಯೋಗದ ಮೂಲಕ ಗ್ರೀನ್ ಕಾರ್ಡು ಸಿಗಲು ವರ್ಷಾನುಗಟ್ಟಲೆ ಸರದಿ ಕಾಯಬೇಕಾಗಿರುವುದರಿಂದ “ಅಮೆರಿಕದಲ್ಲಿದ್ದಾನೆ” ಎಂಬ ಒಂದೇ ಮಾತಿಗೆ ಹೆಣ್ಣು ಕೊಡುವ ಹೆತ್ತವರು ಈ ವ್ಯತ್ಯಾಸವನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕೇಳಿದರೆ ಗಂಡಿನ ಕಡೆಯವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಮನೆ ಎಷ್ಟು ಕೋಣೆಯದು ಎಂದು ಕೇಳಲು ನಮಗೆ ಸಂಕೋಚವಾಗುವುದಿಲ್ಲವಲ್ಲ!

ಕೆನಡಾ ಒಳಗೆ ಬಿಡುವಾಗ ಕೇಳುವ ಪ್ರಶ್ನೆ: ನೀವು ಯಾರು, ಮರಳಿ ಹೋಗುವಿರಾ? ಅಮೆರಿಕ ಮರಳಿ ಬರುವಾಗ ಕೇಳುವ ಪ್ರಶ್ನೆ ಬೇರೆ: ನೀವು ನಿಜವಾಗಿಯೂ ಇಲ್ಲೇ ವಾಸಿಸುವವರೇ? ಈ ಎರಡನೆಯ ಪ್ರಶ್ನೆಗೇ ಹೆಚ್ಚು ಸಿದ್ಧರಾಗಿರಬೇಕು. ಟೊರೊಂಟೊದಿಂದ ವಿಮಾನದಲ್ಲಿ ಮರಳುವುದಾದರೆ ಅಮೆರಿಕದ ಅಧಿಕಾರಿಗಳು ಅಲ್ಲಿಯೇ, ವಿಮಾನ ಹತ್ತುವ ಮುಂಚೆಯೇ ತಪಾಸಣೆ ಮುಗಿಸುತ್ತಾರೆ. 1952ರಲ್ಲಿ ಆರಂಭವಾದ ಏರ್ಪಾಡು ಇದು. ಆದ್ದರಿಂದ ವಿಮಾನ ನಿಲ್ದಾಣಕ್ಕೆ ಬೇಗ ಹೋಗಬೇಕು. ಮನೆಮಂದಿಯನ್ನೆಲ್ಲ ಅಪ್ಪಿ ಬೀಳ್ಕೊಡುವ ನಮ್ಮ ಪದ್ಧತಿಗೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಅಧಿಕಾರಿ ನಿಮ್ಮನ್ನೇ ನೋಡಿ ಕೇಳಬಹುದು. ಎಲ್ಲಿ ವಾಸ, ಏನು ಕೆಲಸ, ಕೆನಡಾದಲ್ಲಿ ಎಷ್ಟು ದಿನ ಇದ್ದಿರಿ, ಯಾರ ಮನೆಯಲ್ಲಿ? ಆಗ ಪಕ್ಕದಲ್ಲಿದ್ದ ಗಂಡ ಉತ್ತರಿಸಲು ಹೋದರೆ “ಆಕೆಯೇ ಹೇಳಲಿ” ಎಂದು ತಡೆಯಬಹುದು. ಇದು ಅವಮಾನವಲ್ಲ. ಹೆಂಗಸೊಬ್ಬಳು ತನ್ನ ಇಚ್ಛೆಯಿಂದಲೇ ಪ್ರಯಾಣಿಸುತ್ತಿದ್ದಾಳೆಯೇ, ಯಾರಾದರೂ ಬಲವಂತದಿಂದ ಕರೆದೊಯ್ಯುತ್ತಿದ್ದಾರೆಯೇ ಎಂದು ತಿಳಿಯುವ ದಾರಿಯೂ ಅದೇ. ಸ್ವಂತ ಮನೆಯ ವಿಳಾಸ, ಗಂಡ ಕೆಲಸ ಮಾಡುವ ಕಂಪೆನಿಯ ಹೆಸರು, ಮಗುವಿನ ಶಾಲೆ ಇವನ್ನು ತಡವರಿಸದೆ ಹೇಳಲು ಬರಬೇಕು. ಇಂಗ್ಲಿಷ್ ಹಿಡಿತದಲ್ಲಿಲ್ಲದಿದ್ದರೆ ದುಭಾಷಿ ಬೇಕೆಂದು ಕೇಳಿ. ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸುವುದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ.

ಹಿಜಾಬ್ ಧರಿಸಿದವರಿಗೆ ಭಾವಚಿತ್ರದ ಚಿಂತೆ ಇರುತ್ತದೆ. 2025ರ ಡಿಸೆಂಬರ್ 26ರಿಂದ ಜಾರಿಯಾದ ನಿಯಮದಂತೆ ಅಮೆರಿಕ ತನ್ನ ಪ್ರಜೆಗಳಲ್ಲದ ಎಲ್ಲರ, ಗ್ರೀನ್ ಕಾರ್ಡಿನವರದ್ದೂ ಸೇರಿ, ಮುಖದ ಚಿತ್ರವನ್ನು ಬರುವಾಗಲೂ ಹೋಗುವಾಗಲೂ ತೆಗೆಯಬಹುದು. ಮುಖ ಪೂರ್ತಿಯಾಗಿ ಕಾಣಬೇಕು, ಅಷ್ಟೆ. ತಲೆವಸ್ತ್ರ ಕಳಚಬೇಕಾಗಿಲ್ಲ. ನಿಖಾಬ್ ಹಾಕುವವರು ಮುಖ ತೋರಿಸಲು ಮಹಿಳಾ ಅಧಿಕಾರಿಯನ್ನು ಕೇಳಬಹುದು. ವಿಮಾನ ನಿಲ್ದಾಣದಲ್ಲಿ ಮೈ ತಪಾಸಣೆ ಮಾಡುವುದಿದ್ದರೆ ಮಹಿಳೆಯೇ ಮಾಡಬೇಕು, ಪ್ರತ್ಯೇಕ ಕೋಣೆಯನ್ನೂ ಕೇಳಬಹುದು. ಮೆತ್ತಗೆ, ಸ್ಪಷ್ಟವಾಗಿ ಕೇಳಿದರೆ ಸಾಕು.

ಮೊಬೈಲ್ ಫೋನನ್ನು ತೆರೆದು ನೋಡುವ ಅಧಿಕಾರವನ್ನೂ ಗಡಿಯ ಅಧಿಕಾರಿಗಳು ಚಲಾಯಿಸುತ್ತಾರೆ. ಕುಟುಂಬದ ವಾಟ್ಸಾಪ್ ಗುಂಪಿಗೆ ಯಾರ್ಯಾರೋ ತಳ್ಳುವ ವಿಡಿಯೋಗಳೆಲ್ಲ ನಿಮ್ಮ ಫೋನಿನಲ್ಲಿ ತಾವಾಗಿಯೇ ಬಂದು ಕೂರುತ್ತಿದ್ದರೆ ಆ ವ್ಯವಸ್ಥೆಯನ್ನು ಇಂದೇ ನಿಲ್ಲಿಸಿಬಿಡಿ. ಗಡಿಗಾಗಿ ಮಾತ್ರವಲ್ಲ, ಮನೆಯ ನೆಮ್ಮದಿಗೂ ಅದು ಒಳ್ಳೆಯದು.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಕಾರ್ಡು ಯಾರ ಕೈಯಲ್ಲಿರಬೇಕು? ಹದಿನೆಂಟು ವರ್ಷ ತುಂಬಿದ ಪ್ರತಿಯೊಬ್ಬ ಖಾಯಂ ನಿವಾಸಿ ತನ್ನ ಕಾರ್ಡನ್ನು ಸದಾ ತನ್ನ ಬಳಿಯೇ ಇಟ್ಟುಕೊಂಡಿರಬೇಕು ಎಂಬುದು ಅಮೆರಿಕದ ಕಾನೂನು. ಗಂಡನ ಪರ್ಸಿನಲ್ಲಿ, ಅತ್ತೆಯ ಕಪಾಟಿನಲ್ಲಿ, ಬ್ಯಾಂಕಿನ ಲಾಕರಿನಲ್ಲಿ ಎಂದು ಆ ಕಾನೂನು ಹೇಳುವುದಿಲ್ಲ. ಆದ್ದರಿಂದ “ಜೋಪಾನವಾಗಿರಲಿ ಎಂದು ನಾನೇ ಇಟ್ಟುಕೊಂಡಿದ್ದೇನೆ” ಎನ್ನುವ ಗಂಡ, ಒಳ್ಳೆಯ ಮನಸ್ಸಿನಿಂದ ಹೇಳಿದರೂ, ಹೆಂಡತಿಯನ್ನು ಕಾನೂನಿನ ತಪ್ಪಿಗೆ ತಳ್ಳಿದಂತಾಗುತ್ತದೆ.

ಮಹ್ರ್‌ನ ವಿಷಯದಲ್ಲಿ ನಮಗೆ ಈ ಮಾತು ಚೆನ್ನಾಗಿ ಗೊತ್ತಿದೆ. ಅದನ್ನು ಕೊಡುವವನು ಗಂಡ, ಆದರೆ ಕೊಟ್ಟ ಮೇಲೆ ಅದು ಹೆಣ್ಣಿನ ಸ್ವಂತ ಸೊತ್ತು. ಗ್ರೀನ್ ಕಾರ್ಡೂ ಒಂದು ರೀತಿಯಲ್ಲಿ ಹಾಗೆಯೇ. ಗಂಡನ ಉದ್ಯೋಗದಿಂದ ಬಂದಿರಬಹುದು, ಅವನ ಪೌರತ್ವದಿಂದ ಬಂದಿರಬಹುದು. ಬಂದ ಮೇಲೆ ಅದು ಆಕೆಯದು. ಹತ್ತು ವರ್ಷದ ಕಾರ್ಡು ಪಡೆದವಳಿಗೆ ಅಲ್ಲಾಹನು ಅಂತಹ ದಿನ ತಾರದಿರಲಿ, ತಲಾಕ್ ಆದರೂ ಅದರಿಂದಾಗಿ ಕಾರ್ಡು ರದ್ದಾಗುವುದಿಲ್ಲ. ಮುನಿಸಿಕೊಂಡ ಗಂಡ “ನಿನ್ನ ಕಾರ್ಡು ಕ್ಯಾನ್ಸಲ್ ಮಾಡಿಸುತ್ತೇನೆ” ಎಂದು ಹೆದರಿಸಿದರೆ ಆ ಬೆದರಿಕೆಗೆ ಬಲವಿಲ್ಲ. ಗಲ್ಫಿನ ವೀಸಾಕ್ಕೂ ಇದಕ್ಕೂ ಇರುವ ದೊಡ್ಡ ಅಂತರ ಇದೇ. ಇದನ್ನು ತಿಳಿಯದೆ ಅದೆಷ್ಟು ಹೆಣ್ಣುಮಕ್ಕಳು ಮೌನವಾಗಿ ಸಹಿಸಿಕೊಂಡಿದ್ದಾರೋ!

ಒಂದು ಎಚ್ಚರಿಕೆ. ಗಂಡ ಅಮೆರಿಕದ ಪ್ರಜೆಯಾಗಿದ್ದು, ಖಾಯಂ ನಿವಾಸ ಸಿಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಹೊಸ ಮದುಮಗಳಿಗೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ಇಬ್ಬರೂ ಸೇರಿ ಐ-751 ಎಂಬ ಅರ್ಜಿ ಹಾಕಬೇಕು. ಸಂಬಂಧ ಮುರಿದಿದ್ದರೆ, ಅಥವಾ ಆಕೆ ಹಿಂಸೆಗೆ ಒಳಗಾಗಿದ್ದರೆ, ಗಂಡನ ಸಹಿ ಇಲ್ಲದೆಯೂ ಆಕೆಯೊಬ್ಬಳೇ ಅರ್ಜಿ ಹಾಕಲು ಕಾನೂನಿನಲ್ಲಿ ದಾರಿ ಇದೆ. ಅರ್ಜಿ ತಲುಪಿದ್ದಕ್ಕೆ ಬರುವ ಪತ್ರವು ಹಳೆಯ ಕಾರ್ಡಿನ ಅವಧಿಯನ್ನು ವಿಸ್ತರಿಸುತ್ತದೆ. ಇಂತಹ ಸಮಯದಲ್ಲಿ ಗಡಿ ದಾಟುವುದಿದ್ದರೆ ಆ ಪತ್ರದ ಮೂಲಪ್ರತಿ ಕಾರ್ಡಿನ ಜೊತೆಗೇ ಇರಬೇಕು. ಫೋನಿನಲ್ಲಿರುವ ಫೋಟೋವನ್ನು ನೆಚ್ಚಿ ಹೊರಡಬೇಡಿ.

ಇನ್ನು ನಮ್ಮ ಹಿರಿಯರ ವಿಷಯ, ನನಗೆ ಹೆಚ್ಚು ಚಿಂತೆಯಿರುವುದು ಇದರಲ್ಲೇ. ಪ್ರಜೆಯಾದ ಮಗ ತಾಯಿಗೆ ಗ್ರೀನ್ ಕಾರ್ಡು ಮಾಡಿಸುತ್ತಾನೆ. ತಾಯಿಗೆ ಅಲ್ಲಿನ ಚಳಿ ಆಗುವುದಿಲ್ಲ, ಮಾತನಾಡಲು ಜನವಿಲ್ಲ, ಬಾಂಗ್ ಕಿವಿಗೆ ಬೀಳುವುದಿಲ್ಲ. ವರ್ಷದಲ್ಲಿ ಎಂಟು ತಿಂಗಳು ಊರಿನಲ್ಲೇ ಇರುತ್ತಾರೆ. ಆಮೇಲೆ ಅಮೆರಿಕಕ್ಕೆ ಬಂದಾಗ ಕುಟುಂಬದೊಂದಿಗೆ ಕೆನಡಾಕ್ಕೆ ಹೋಗಿ ಮರಳುವಾಗ ಅಧಿಕಾರಿ ಹಳೆಯ ಮುದ್ರೆಗಳನ್ನು ತಿರುವಿ ನೋಡುತ್ತಾನೆ. ಕೆನಡಾದಲ್ಲಿದ್ದದ್ದು ಮೂರೇ ದಿನ, ನಿಜ. ಆದರೆ ಅವನ ಪ್ರಶ್ನೆ ಆ ಮೂರು ದಿನದ್ದಲ್ಲ, ಹಿಂದಿನ ವರ್ಷಗಳದ್ದು. 180 ದಿನಕ್ಕಿಂತ ಹೆಚ್ಚು ಕಾಲ ಸತತವಾಗಿ ಹೊರಗಿದ್ದು ಬಂದವರನ್ನು ಹೊಸದಾಗಿ ಪ್ರವೇಶ ಬಯಸುವವರಂತೆ ವಿಚಾರಿಸಲು ಕಾನೂನು ಅವಕಾಶ ಕೊಡುತ್ತದೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿರುವುದಾದರೆ ಬರೀ ಕಾರ್ಡು ಸಾಲದು. ಮರುಪ್ರವೇಶದ ಅನುಮತಿ ಪತ್ರವನ್ನು ಅಮೆರಿಕದಲ್ಲಿರುವಾಗಲೇ ಅರ್ಜಿ ಹಾಕಿ ಪಡೆಯಬೇಕು. ಅದು ಹೆಚ್ಚೆಂದರೆ ಎರಡು ವರ್ಷಕ್ಕೆ ಸಿಗುತ್ತದೆ. ನಡುವೆ ಒಮ್ಮೆ ನಯಾಗರ ನೋಡಿ ಬಂದರೆ, ಆರು ತಿಂಗಳಿಗೊಮ್ಮೆ ಮುಖ ತೋರಿಸಿ ಹೋದರೆ ಎಲ್ಲ ಸರಿಹೋಗುತ್ತದೆ ಎಂಬ ಉಪಾಯ ನಮ್ಮವರಲ್ಲಿ ಓಡಾಡುತ್ತಿದೆ. ನಂಬಬೇಡಿ. ಅವರು ನೋಡುವುದು ನಿಮ್ಮ ಮನೆ, ಬದುಕು ನಿಜವಾಗಿ ಎಲ್ಲಿದೆ ಎಂಬುದನ್ನು.

ಅಂತಹ ಹೊತ್ತಿನಲ್ಲಿ ಐ-407 ಎಂಬ ಒಂದು ಕಾಗದ ಮುಂದೆ ಬರಬಹುದು. “ನನ್ನ ಖಾಯಂ ನಿವಾಸವನ್ನು ನಾನೇ ಬಿಟ್ಟುಕೊಡುತ್ತಿದ್ದೇನೆ” ಎಂಬುದು ಅದರ ಸಾರ. ಅದಕ್ಕೆ ಸಹಿ ಹಾಕುವುದು ಸ್ವಇಚ್ಛೆಯಿಂದ ಮಾತ್ರ. ಬೇಡವೆಂದರೆ ಸಹಿ ಹಾಕಬೇಕಾಗಿಲ್ಲ; ವಲಸೆ ನ್ಯಾಯಾಧೀಶರ ಮುಂದೆ ತನ್ನ ಮಾತು ಹೇಳಿಕೊಳ್ಳುವ ಹಕ್ಕು ಗ್ರೀನ್ ಕಾರ್ಡು ಇರುವವರಿಗಿದೆ. ಆದರೆ ದಣಿದ, ಹೆದರಿದ, ಇಂಗ್ಲಿಷ್ ಬಾರದ ಎಪ್ಪತ್ತರ ಅಜ್ಜಿ “ಇಲ್ಲಿ ಸಹಿ ಮಾಡಿ” ಎಂದಾಗ ಮಾಡಿಬಿಡುತ್ತಾರೆ. ಮಗಳಾಗಲಿ ಸೊಸೆಯಾಗಲಿ ಇದನ್ನು ಅವರಿಗೆ ಮನೆಯಲ್ಲೇ, ಅವರ ಮಾತಿನಲ್ಲೇ ಎರಡು ಮೂರು ಸಲ ಹೇಳಿಕೊಟ್ಟಿರಬೇಕು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ವಿಧಿಸುವ ಸೂಕ್ತವೇ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್ ಬಕರಃ ಅಧ್ಯಾಯದ 282ನೆಯದು. ಬರಹಕ್ಕೂ ಸಾಕ್ಷಿಗೂ ಅಷ್ಟು ಮಹತ್ವ ಕೊಟ್ಟ ಸಮುದಾಯದ ನಾವು ಓದದೆ ಸಹಿ ಹಾಕುವುದೆಂದರೇನು?

ಮುಸ್ಲಿಮರೆಂಬ ಕಾರಣಕ್ಕೆ ತಡೆಯುತ್ತಾರೆಯೇ ಎಂಬ ಭಯ ಅನೇಕರಲ್ಲಿದೆ. ಅದು ಬುಡವಿಲ್ಲದ ಭಯವಲ್ಲ. 2017ರ ಜನವರಿ 27ರಂದು ಏಳು ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರಗಳವರ ಮೇಲೆ ನಿಷೇಧ ಹೇರಿದಾಗ ಮೊದಲ ದಿನಗಳಲ್ಲಿ ಆ ದೇಶಗಳ ಗ್ರೀನ್ ಕಾರ್ಡುದಾರರನ್ನೂ ವಿಮಾನ ನಿಲ್ದಾಣಗಳಲ್ಲಿ ತಡೆಯಲಾಗಿತ್ತು. ಕೆಲವೇ ದಿನಗಳಲ್ಲಿ, ಫೆಬ್ರವರಿ 1ರ ಸ್ಪಷ್ಟನೆಯೊಂದಿಗೆ, ಖಾಯಂ ನಿವಾಸಿಗಳನ್ನು ಅದರಿಂದ ಹೊರಗಿಡಲಾಯಿತು. ಆ ನಿಷೇಧ 2021ರ ಜನವರಿಯಲ್ಲಿ ರದ್ದಾಯಿತು. 2025ರ ಜೂನ್‌ನಲ್ಲಿ ಹೊರಡಿಸಿದ ಹೊಸ ನಿಷೇಧದಲ್ಲೂ ಖಾಯಂ ನಿವಾಸಿಗಳಿಗೆ ವಿನಾಯಿತಿ ಇದೆ. ಭಾರತದ ಹೆಸರು ಆ ಪಟ್ಟಿಗಳಲ್ಲಿರಲಿಲ್ಲ. ಆದರೂ ಹೆಸರು ನೋಡಿ ಒಳಕೋಣೆಗೆ ಕರೆದು ಗಂಟೆಗಟ್ಟಲೆ ಕೂರಿಸಿದ ಅನುಭವಗಳನ್ನು ಜನ ಹೇಳುತ್ತಾರೆ. ಅದಕ್ಕೆ ತಾಳ್ಮೆಯೊಂದೇ ಮದ್ದು ಎಂದು ನಾನು ಹೇಳಲಾರೆ. ತಾಳ್ಮೆಯೂ ಇರಲಿ, ವಲಸೆ ವಕೀಲರೊಬ್ಬರ ಫೋನ್ ನಂಬರನ್ನು ಕಾಗದದಲ್ಲಿ ಬರೆದು ಕೈಚೀಲದಲ್ಲಿ ಇಟ್ಟುಕೊಳ್ಳಿ. ಫೋನನ್ನು ತೆಗೆದಿರಿಸಿಕೊಂಡರೆ ಅದರೊಳಗಿನ ನಂಬರು ಉಪಯೋಗಕ್ಕೆ ಬಾರದು.

ಮಗುವಿನೊಂದಿಗೆ ನೀವೊಬ್ಬರೇ ಹೋಗುವುದಾದರೆ ಮಗುವಿನ ತಂದೆಯ ಒಪ್ಪಿಗೆ ಪತ್ರ ಜೊತೆಗಿರಲಿ. ಮಕ್ಕಳನ್ನು ಅಪಹರಿಸಿ ಗಡಿ ದಾಟಿಸುವವರ ಬಗ್ಗೆ ಕೆನಡಾದವರು ಜಾಗರೂಕರಾಗಿದ್ದಾರೆ. ಮದುವೆಗೆ ಒಡವೆ ಹಾಕಿಕೊಂಡು ಹೋಗುವವರು ಅದರ ಬಿಲ್ಲಿನ ಪ್ರತಿಯನ್ನು ಇಟ್ಟುಕೊಂಡರೆ ಕೆನಡಾದಲ್ಲಿ ಕೊಂಡದ್ದಲ್ಲ ಎಂದು ತೋರಿಸಲು ಸುಲಭ. ಹತ್ತು ಸಾವಿರ ಡಾಲರಿಗಿಂತ ಹೆಚ್ಚು ನಗದಿದ್ದರೆ ಎರಡೂ ಕಡೆ ತಿಳಿಸಬೇಕು. ಅತ್ತಿಗೆ ಪ್ರೀತಿಯಿಂದ ಕಟ್ಟಿಕೊಡುವ ಹಸಿ ಕರಿಬೇವಿನ ಕಟ್ಟನ್ನು ಅಲ್ಲೇ ಬಿಟ್ಟು ಬನ್ನಿ. ನಿಂಬೆ, ಕಿತ್ತಳೆ ಗಿಡಗಳ ರೋಗ ಹರಡುವ ಕೀಟ ಅದರಲ್ಲಿರುತ್ತದೆಂದು ಅಮೆರಿಕದವರು ಅದನ್ನು ಕಿತ್ತು ಎಸೆಯುತ್ತಾರೆ. ಬೇರೆ ತಿಂಡಿತಿನಿಸು ಏನಿದ್ದರೂ ಮುಚ್ಚಿಡದೆ ಹೇಳಿಬಿಡಿ. ಪ್ರಾಯದ ಹುಡುಗರು ಜೊತೆಗಿದ್ದರೆ ಒಂದು ಮಾತು: ಕೆನಡಾದಲ್ಲಿ 2018ರಿಂದ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇದೆ. ಅದು ನಮಗೆ ಹರಾಮ್ ಎಂಬುದು ಒಂದು ವಿಷಯ, ಗಡಿಯಲ್ಲಿ ಅದು ಸಿಕ್ಕಿದರೆ ಗ್ರೀನ್ ಕಾರ್ಡಿಗೇ ಸಂಚಕಾರ ಎಂಬುದು ಇನ್ನೊಂದು.

ನಮಾಝಿನ ಬಗ್ಗೆಯೂ ಕೇಳುತ್ತಾರೆ. ಬೇರೆ ದೇಶಕ್ಕೆ ಕಾಲಿಟ್ಟ ಮಾತ್ರಕ್ಕೆ ಕಸ್ರ್ ಆಗುವುದಿಲ್ಲ, ಅದಕ್ಕೆ ಲೆಕ್ಕ ದೂರದ್ದು. ಡೆಟ್ರಾಯಿಟ್‌ನವರು ವಿಂಡ್ಸರ್‌ಗೆ ಹೋದರೆ ಪಾಸ್‌ಪೋರ್ಟು ಬೇಕು, ಆದರೆ ಝುಹ್ರ್ ನಾಲ್ಕೇ ರಕಅತ್. ಅಲ್ಲಿಂದ ಟೊರೊಂಟೊ ತನಕ ಹೋಗುವವರು ಮುಸಾಫಿರ್. ಆದರೆ ಶಾಫಿಈ ಮದ್ಸ್‌ಹಬಿನವರು ಮದುವೆ ಮನೆಯಲ್ಲಿ, ಬರುವ ಹೋಗುವ ದಿನ ಬಿಟ್ಟು, ನಾಲ್ಕು ದಿನ ತಂಗುವ ಉದ್ದೇಶವಿಟ್ಟುಕೊಂಡರೆ ಪೂರ್ತಿ ನಮಾಝ್ ಮಾಡಬೇಕು. ಹನಫಿಗಳಲ್ಲಿ ಅದು ಹದಿನೈದು ದಿನ.

ತಾಯಿಗೆ ಕೆನಡಾದ ವೀಸಾ ಸಿಗದಿದ್ದರೆ ಬೇಸರ ಬೇಡ. ಅಮೆರಿಕದ ದಡದಲ್ಲೂ ಜಲಪಾತವಿದೆ, ಗೋಟ್ ಐಲೆಂಡಿನಲ್ಲಿ ನೀರಿನ ಅಂಚಿನ ತನಕ ಹೋಗಿ ನಿಲ್ಲಬಹುದು, ಕೆಳಗೆ ದೋಣಿಯ ಸವಾರಿಯೂ ಇದೆ. ಆದರೆ ಅಲ್ಲಿಗೆ ಹೋಗುವಾಗಲೂ ಎಲ್ಲರ ಕಾಗದಪತ್ರಗಳು ಅವರವರ ಚೀಲದಲ್ಲಿರಲಿ. ಸೇತುವೆಗೆ ಹೋಗುವ ರಸ್ತೆಗೆ ತಪ್ಪಿ ತಿರುಗಿದರೆ ಕಾರನ್ನು ಹಿಂದಕ್ಕೆ ತಿರುಗಿಸಲು ಜಾಗವಿರುವುದಿಲ್ಲ. ಬಫೆಲೊದಲ್ಲಿ, ಡೆಟ್ರಾಯಿಟ್‌ನಲ್ಲಿ ಹಾಗೆ ದಾರಿ ತಪ್ಪಿ ಗಡಿಯ ಕಿಟಕಿಯ ಮುಂದೆ ಬಂದು ನಿಲ್ಲುವವರು ಕಡಿಮೆಯೇನಿಲ್ಲ. ಆಗ ಅಧಿಕಾರಿ ಮೊದಲು ಕೈ ಚಾಚುವುದು ಕಾರ್ಡಿಗಾಗಿ.